ಬೋರ್‌ವೆಲ್ ನೀರು ಕೆಡುವ ಮೊದಲೇ ಏನು ಮಾಡಬೇಕು?

ತಿಳಿನೀರು:
ಎಲ್ಲರಿಗೂ ನಮಸ್ಕಾರ. ನಾವಿರುವ ಕಡೆ ಸುಮಾರು ಇನ್ನೂರು ಮನೆಗಳಿವೆ, ಎಲ್ಲಕ್ಕೂ ಸೇರಿ ಎರಡೇ ಬೋರ್‌ವೆಲ್. ಕುಡಿಯುವುದೂ ಅದೇ, ಬಳಸುವುದೂ ಅದೇ. ಹೋದ ತಿಂಗಳು ನೀರು ಪರೀಕ್ಷೆ ಮಾಡಿಸಿದೆವು, ಗೊಬ್ಬರ, ಶೌಚದಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಲೀಟರಿಗೆ 38 ಮಿಲಿಗ್ರಾಂ ಬಂತು. ಮೂರು ವರ್ಷದ ಹಿಂದೆ 21 ಇತ್ತು. ಮಿತಿ ದಾಟಿಲ್ಲವಲ್ಲ, ಸುಮ್ನೆ ಯಾಕೆ ಗಾಬರಿ ಎಂದು ನೀರು ನೋಡಿಕೊಳ್ಳುವ ಸಮಿತಿಯವರು ಹೇಳುತ್ತಾರೆ. ಬಾವಿಗಳಿಂದ ಮೇಲ್ಗಡೆ ಹೊಲಗಳಿವೆ, ಶೌಚದ ಗುಂಡಿಗಳಿವೆ, ಒಂದು ಗಾಡಿ ರಿಪೇರಿ ಶೆಡ್ಡೂ ಇದೆ. ದೊಡ್ಡದೊಂದು ಫಿಲ್ಟರ್ ಹಾಕಿದರೆ ಮುಗಿಯಿತು ಎನ್ನುವವರೇ ಜಾಸ್ತಿ. ಅಷ್ಟು ಸಾಕಾ? ಸಾಲದು ಅಂದರೆ ಎಲ್ಲಿಂದ ಶುರು ಮಾಡಬೇಕು?

ಕಲ್ಲುಪದರ:
ಗಾಬರಿ ಬೇಡ, ಆದರೆ ನಿಮ್ಮ ಚಿಂತೆ ಸರಿಯಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಮೂರು ವರ್ಷದಲ್ಲಿ 17 ಏರಿದ್ದು ಇನ್ನು ಎರಡು ಮೂರು ವರ್ಷದಲ್ಲಿ ಅಲ್ಲಿಗೆ ಮುಟ್ಟಬಹುದು. ಆ ಮಿತಿ ಇಟ್ಟಿರುವುದೇ ಮುಖ್ಯವಾಗಿ ಎಳೆಗೂಸುಗಳಿಗಾಗಿ. ಜಾಸ್ತಿ ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುತ್ತದೆ, ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹೋಗುವುದಿಲ್ಲ. ಒಂದಷ್ಟು ನೀರು ಆವಿಯಾಗಿ, ಉಳಿದದ್ದರಲ್ಲಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ ಅಷ್ಟೇ.

ಫಿಲ್ಟರ್ ವಿಷಯ. ಮರಳಿನ ಫಿಲ್ಟರ್, ಯುವಿ ದೀಪ ಇವಕ್ಕೆಲ್ಲ ನೈಟ್ರೇಟ್ ಬಗ್ಗುವುದಿಲ್ಲ. ಆರ್‌ಓ ತೆಗೆಯುತ್ತದೆ, ನಿಜ. ಆದರೆ ತೆಗೆದದ್ದೆಲ್ಲ ಅದರ ಹೊರಚೆಲ್ಲುವ ನೀರಿನಲ್ಲೇ ಇರುತ್ತದೆ. ಅದನ್ನು ಪಕ್ಕದಲ್ಲೇ ನೆಲಕ್ಕೆ ಬಿಟ್ಟರೆ ಮತ್ತೆ ಎಲ್ಲಿಗೆ ಬರುತ್ತದೆ ಹೇಳಿ?

ಮೊದಲು ಒಂದು ಕಾಗದ ಹಿಡಿದು ನಡೆಯಿರಿ. ಬಾವಿಗಳ ಮೇಲ್ಗಡೆ ಏನೇನಿದೆ ಎಲ್ಲ ಗುರುತು ಹಾಕಿ. ಅಂತರ್ಜಲ ಯಾವ ಕಡೆಯಿಂದ ಬರುತ್ತದೆ ಅನ್ನುವುದು ಮುಖ್ಯ. ಸಾಮಾನ್ಯವಾಗಿ ನೆಲದ ಇಳಿಜಾರಿನ ಹಾಗೆಯೇ ಹರಿಯುತ್ತದೆ, ಆದರೆ ಬಂಡೆ ಬಿರುಕುಗಳಲ್ಲಿ ದಾರಿ ಬೇರೆಯೇ ಇರಬಹುದು. ಒಂದೇ ಗೆರೆಯಲ್ಲಿ ಇಲ್ಲದ ಮೂರು ಬಾವಿಗಳಲ್ಲಿ, ಪಂಪ್ ನಿಲ್ಲಿಸಿ ಒಂದಷ್ಟು ಹೊತ್ತು ಬಿಟ್ಟು, ನೀರಿನ ಮಟ್ಟ ಅಳೆದು ಎಲ್ಲವನ್ನೂ ಒಂದೇ ಎತ್ತರದ ಗುರುತಿಗೆ ಹೋಲಿಸಿದರೆ ಹರಿವಿನ ದಿಕ್ಕು ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಿಮ್ಮ ಹತ್ತಿರ ಎರಡೇ ಇವೆ, ಅದೊಂದು ತೊಡಕು.

ಹಳೆಬಾವಿ:
ನಕ್ಷೆ ಎಲ್ಲ ಆಮೇಲೆ. ಮೊದಲು ಬೋರ್‌ವೆಲ್ ಬಾಯಿ ನೋಡಿ ಬನ್ನಿ. ನಮ್ಮಲ್ಲಿ ಪ್ರತಿ ಮಳೆಯಾದ ಮೇಲೂ ಹೊಟ್ಟೆ ಕೆಡುತ್ತಿತ್ತು. ಟ್ಯಾಂಕ್ ತೊಳೆದೆವು, ಪೈಪ್ ಬದಲಿಸಿದೆವು, ಕ್ಲೋರಿನ್ ಹಾಕಿದೆವು, ಏನೂ ಉಪಯೋಗವಾಗಲಿಲ್ಲ. ಕೊನೆಗೆ ನೋಡಿದರೆ ಕೇಸಿಂಗ್ ಪೈಪಿನ, ಅಂದರೆ ಕೊರೆದ ತೂತಿನೊಳಗೆ ಇಳಿಸುವ ಪೈಪಿನ ಸುತ್ತ ಮಣ್ಣು ಕುಸಿದು ಗುಂಡಿಯಾಗಿ, ಮಳೆ ನೀರು ಪೈಪಿನ ಪಕ್ಕದಲ್ಲೇ ಗಟಗಟ ಇಳಿಯುತ್ತಿತ್ತು. ಎರಡು ವರ್ಷ ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡಿದ್ದೆವು, ನಾನೂ ಸೇರಿ.

ಕೇಸಿಂಗ್ ನೆಲಕ್ಕಿಂತ ಒಂದಡಿಯಾದರೂ ಮೇಲಿರಬೇಕು. ಸುತ್ತ ಸಿಮೆಂಟ್ ಕಟ್ಟೆ ಇರಬೇಕು, ಅದು ಹೊರಕ್ಕೆ ಇಳಿಜಾರಾಗಿರಬೇಕು. ಕೊರೆದ ತೂತಿಗೂ ಕೇಸಿಂಗಿಗೂ ನಡುವಿನ ಸಂದಿಯನ್ನು ಸಿಮೆಂಟ್ ಗಾರೆ ಇಲ್ಲವೇ ಬೆಂಟೊನೈಟ್ ಜೇಡಿಯಿಂದ ತುಂಬಿರಬೇಕು. ತುಂಬಾ ಕಡೆ ಅದನ್ನು ತುಂಬುವುದೇ ಇಲ್ಲ.

ಇನ್ನೊಂದು, ನೀರು ಬತ್ತಿದ ಹಳೆಯ ಬೋರ್‌ವೆಲ್ ಎಲ್ಲಾದರೂ ಇದೆಯಾ ಹುಡುಕಿ. ಮಣ್ಣು ಸೋಸಿ ಕೊಡುವ ಕೆಲಸವನ್ನೆಲ್ಲ ತಪ್ಪಿಸಿ, ಕೊಳಕನ್ನು ನೇರವಾಗಿ ಕೆಳಗೆ ಇಳಿಸುವ ಕೊಳವೆ ಅದು. ಮೇಲೆ ಕಲ್ಲು ಇಟ್ಟರೆ ಮುಚ್ಚಿದ ಹಾಗಲ್ಲ, ತಳದಿಂದ ಮೇಲಕ್ಕೆ ಜೇಡಿ, ಸಿಮೆಂಟ್ ತುಂಬಿಕೊಂಡು ಬರಬೇಕು.

ಅರ್ಧಕೊಡ:
ಹಳೆಬಾವಿ ಹೇಳಿದ್ದು ಮಳೆಯ ಜೊತೆ ಬರುವ ಕೊಳಕಿಗೆ ಸರಿ. ಆದರೆ ಮೂರು ವರ್ಷ ನಿಧಾನಕ್ಕೆ ಏರಿದ ನೈಟ್ರೇಟ್ ಬರೀ ಬಾವಿಯ ಬಾಯಿಂದ ಬಂದಿರುವುದು ನನಗೆ ಅನುಮಾನ. ಅದು ಹೊಲದ ಗೊಬ್ಬರ ಇಲ್ಲವೇ ಶೌಚದ ಗುಂಡಿ. ಕ್ಲೋರೈಡನ್ನೂ ಪರೀಕ್ಷೆ ಮಾಡಿಸಿ, ಅದು ಉಪ್ಪಿನಲ್ಲಿರುವ ಅಂಶ, ಶೌಚದ ನೀರಿನಲ್ಲೂ ಇರುತ್ತದೆ. ಎರಡೂ ಒಟ್ಟಿಗೆ ಏರುತ್ತಿದ್ದರೆ ಗುಂಡಿಗಳ ಮೇಲೆ ಅನುಮಾನ ಜಾಸ್ತಿಯಾಗುತ್ತದೆ, ಆದರೂ ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇರುವುದರಿಂದ ಅದೊಂದನ್ನೇ ನಂಬಿ ಯಾರ ಮನೆ ಮುಂದೆಯೂ ಜಗಳಕ್ಕೆ ಹೋಗಬೇಡಿ.

ಗುಂಡಿಗೂ ಬಾವಿಗೂ ಕನಿಷ್ಠ 30 ಮೀಟರ್, ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ 1.5 ಮೀಟರ್ ಅಂತರ ಎನ್ನುವುದು ರೂಢಿಯ ಲೆಕ್ಕ. ಬಿರುಕು ಬಂಡೆಯಲ್ಲಿ ಈ ಲೆಕ್ಕ ಸಾಲದು. ಜರ್ಮನಿಯಲ್ಲಿ ಮೀಟರ್ ಬದಲು ದಿನ ಎಣಿಸುತ್ತಾರೆ. ನೆಲದೊಳಗೆ 50 ದಿನ ನಡೆದು ನೀರು ಬಾವಿ ಸೇರುವಷ್ಟು ದೂರವನ್ನು ಕಾಪಾಡುತ್ತಾರೆ, ಅಷ್ಟರಲ್ಲಿ ರೋಗಾಣುಗಳು ಹೆಚ್ಚಾಗಿ ಸಾಯುತ್ತವೆ ಎಂದು. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ ಆಗಿದ್ದು ನೆನಪಿದೆಯಾ? ಜೋರು ಮಳೆಗೆ ಹೊಲದ ಸಗಣಿ ಗೊಬ್ಬರದ ಕೊಳಕು ಬಿರುಕು ಬಂಡೆಯಲ್ಲಿದ್ದ, ಆಳವಿಲ್ಲದ ಬಾವಿಗೆ ಇಳಿಯಿತು. ಕ್ಲೋರಿನ್ ನೋಡಿಕೊಳ್ಳುವುದರಲ್ಲೂ ಲೋಪವಿತ್ತು. 7 ಜನ ಸತ್ತರು, ಎರಡು ಸಾವಿರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಗೊಬ್ಬರ ಹಾಕಿದ ರೈತನ ತಪ್ಪಿಲ್ಲ ಎಂದು ತನಿಖೆಯಲ್ಲಿ ಬಂತು. ಅದಕ್ಕೇ ಹೊಲದವರನ್ನು ಬೈಯುವ ಬದಲು ಕೂರಿಸಿ ಮಾತಾಡಿ. ಗೊಬ್ಬರವನ್ನು ಒಂದೇ ಸಲ ಸುರಿಯದೆ ಬೆಳೆಗೆ ಬೇಕಾದಾಗ ಸ್ವಲ್ಪ ಸ್ವಲ್ಪ ಕೊಟ್ಟರೆ ಅವರ ದುಡ್ಡೂ ಉಳಿಯುತ್ತದೆ.

ಶೆಡ್ ಬಗ್ಗೆ ಒಂದು ಮಾತು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ಆದರೆ ಗ್ರೀಸ್ ತೊಳೆಯುವ ಕೆಲವು ದ್ರಾವಕಗಳು ನೀರಿಗಿಂತ ಭಾರ, ಸೀದಾ ಕೆಳಕ್ಕೆ ಇಳಿದು ಬಂಡೆ ಸಂದಿಯಲ್ಲಿ ಕೂತುಬಿಡುತ್ತವೆ. ಆಮೇಲೆ ತೆಗೆಯುವುದು ದಶಕಗಳ ಕೆಲಸ. ಅಲ್ಲಿ ಸಿಮೆಂಟ್ ನೆಲ ಇದೆಯಾ, ಹಳೇ ಆಯಿಲ್ ಎಲ್ಲಿ ಸುರಿಯುತ್ತಾರೆ, ನೋಡಿ.

ತಿಳಿನೀರು:
ಇವತ್ತು ಬೆಳಿಗ್ಗೆ ಮೂರು ಜನ ಕಾಗದ ಹಿಡಿದು ನಡೆದೆವು. ಬಾವಿಗಳ ಕಟ್ಟೆ ಚೆನ್ನಾಗಿಯೇ ಇದೆ. ಆದರೆ ಶೆಡ್ಡಿನ ಹಿಂದೆ ಹಳೇ ಟೈರಿನ ರಾಶಿಯ ಕೆಳಗೆ ಚಪ್ಪಡಿ ಕಲ್ಲು, ಅದರ ಕೆಳಗೆ ಬಿಟ್ಟುಹೋದ ಬೋರ್‌ವೆಲ್! ಶೆಡ್ಡಿನವರಿಗೇ ಗೊತ್ತಿರಲಿಲ್ಲ. ನಾಳೆಯೇ ತುಂಬಿಸಿಬಿಡೋಣ ಅಂತಿದ್ದಾರೆ.

ಕಲ್ಲುಪದರ:
ಒಂದು ದಿನ ತಡೆಯಿರಿ! ಬಾಯಿಗೆ ಭದ್ರವಾದ ಮುಚ್ಚಳ ಹಾಕಿ, ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರನ್ನು ನಿಲ್ಲಿಸಿ. ಒಳಗೆ ನೀರಿದ್ದರೆ ಮಟ್ಟ ಅಳೆದುಕೊಳ್ಳಿ, ಒಂದು ಬಾಟಲಿ ಪರೀಕ್ಷೆಗೂ ಎತ್ತಿಕೊಳ್ಳಿ, ಆಮೇಲೆ ತುಂಬಿಸಿ. ನಿಮಗೆ ಮೂರನೇ ಬಾವಿ ಸಿಕ್ಕಿತಲ್ಲ.