ಸಹಾಯ ಬೇಕು: ಗಿರಾಕಿ ಎದುರು ನಮ್ಮ ಸೇಲ್ಸ್ ಹುಡುಗರಿಗೆ ಮಾತೇ ಹೊರಡಲ್ಲ

ಪುಣೆ ಕನ್ನಡಿಗರೇ, ಭೋಸರಿಯಲ್ಲಿ ನಮ್ಮದು ಕಟಿಂಗ್ ಟೂಲ್ಸ್ ಮಾಡೋ ಸಣ್ಣ ಘಟಕ. ಸೇಲ್ಸ್ ಹುಡುಗರು ವಿಜಯಪುರ, ಕಲಬುರಗಿ ಕಡೆಯವರು. ಮಾಲಿನ ವಿಷಯ ಅರೆದು ಕುಡಿದಿದ್ದಾರೆ, ಮರಾಠಿನೂ ಸಲೀಸು. ಆದ್ರೆ ಚಾಕಣದ ಕಾರ್ಖಾನೆಗಳಲ್ಲಿ ಖರೀದಿ ಮ್ಯಾನೇಜರ್ "ರೇಟ್ ಜಾಸ್ತಿ ಆಯ್ತು" ಅಂತ ಕೊಟೇಶನ್ ಪಕ್ಕಕ್ಕೆ ಸರಿಸಿದ್ರೆ ಸಾಕು, ಅವರು ಕೇಳೋ ಮೊದಲೇ ಇವರು ರಿಯಾಯಿತಿ ಕೊಟ್ಟುಬಿಡ್ತಾರೆ. 90 ದಿನದ ಉದ್ದರಿಗೂ ಹೂಂ ಅಂತಾರೆ! ನೋಂದಾಯಿತ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ, ಅದನ್ನ ಹೇಳೋಕೂ ಅಂಜಿಕೆ.

ರೋಲ್ ಪ್ಲೇ ಮಾಡಿಸಿದೆ, "ಯಾವುದಕ್ಕೆ ಹೋಲಿಸಿದ್ರೆ ಜಾಸ್ತಿ?" ಅಂತ ಕೇಳೋದು ಕಲಿಸಿದೆ. ಆಫೀಸಲ್ಲಿ ಚೆನ್ನಾಗಿ ಹೇಳ್ತಾರೆ, ಅಲ್ಲಿ ಹೋದ್ರೆ ಗಪ್‌ಚುಪ್. ನಾನೇ ಜೊತೆಗೆ ಹೋದ್ರೆ ಗಿರಾಕಿ ನನ್ನ ಹತ್ರ ಮಾತ್ರ ಮಾತಾಡ್ತಾರೆ. ಒಳ್ಳೆ ಹುಡುಗರು, ಕೈಬಿಡೋಕೆ ಮನಸ್ಸಿಲ್ಲ.

ಸೇಲ್ಸ್ ತಂಡ ನಡೆಸಿದವರು ಹೇಳಿ: ರಿಯಾಯಿತಿ ಕೊಡೋ ಅಧಿಕಾರವನ್ನೇ ಸದ್ಯಕ್ಕೆ ಅವರ ಕೈಯಿಂದ ತೆಗೆದ್ರೆ ಧೈರ್ಯ ಬರುತ್ತಾ, ಇನ್ನೂ ಕುಗ್ಗಿಬಿಡ್ತಾರಾ?