100 ವೊನ್ ನಾಣ್ಯದ ಮೇಲಿರುವ ಯಿ ಸುನ್-ಸಿನ್: 13 ಹಡಗಿನ ಕತೆ ನಿಜಾನಾ?

ಚಿಲ್ಲರೆಕಾಸು:
ತಂಗಿ ಸೋಲ್‌ನಿಂದ ಬಂದವಳು ಉಳಿದ ಚಿಲ್ಲರೆಯನ್ನು ನನ್ನ ಮಗನ ಕೈಗೆ ಸುರಿದಳು. 100 ವೊನ್ ನಾಣ್ಯದಲ್ಲಿ ಟೋಪಿ ಹಾಕಿದ ಗಡ್ಡದಜ್ಜ. ಯಾರು ಅಂತ ಹುಡುಕಿದರೆ, 13 ಹಡಗಿನಲ್ಲಿ ಜಪಾನಿನ 130 ಹಡಗುಗಳನ್ನು ತಡೆದ ನೌಕಾಪತಿಯಂತೆ. ಮಗ ನಂಬಿದ. ನನಗ್ಯಾಕೋ ಅನುಮಾನ.

ಹರಿಗೋಲು:
ನಿಜಾನೇ. ಆಮೆ ಹಡಗು ಅಂತ ಇತ್ತು. ಮೇಲೆಲ್ಲ ಮೊಳೆ, ಮುಂದೆ ಡ್ರ್ಯಾಗನ್ ತಲೆ. ಅದರಿಂದಲೇ ಗೆದ್ದದ್ದು.

ಉಪ್ಪುನೀರು:
ಆಮೆ ಹಡಗು 1592ರದ್ದು. ನೀವು ಕೇಳಿದ್ದು 1597ರ ಮ್ಯೋಂಗ್‌ನ್ಯಾಂಗ್ ಕಾಳಗ. ಅಲ್ಲಿ ಅದು ಇರಲಿಲ್ಲ.

ನಾನು ಕೊರಿಯಾದಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಒಂದು ರಜೆಯಲ್ಲಿ ಜಿಂದೋ ಸೇತುವೆ ಹತ್ತಿರ ಹೋಗಿ ನಿಂತಿದ್ದೆ. ಕೆಳಗೆ ಉಲ್ದೊಲ್ಮೊಕ್ ಜಲಸಂಧಿ, ಆ ಕಾಳಗ ನಡೆದ ಜಾಗ. ಕಿರಿದಾದ ಕಡೆ ಸುಮಾರು 300 ಮೀಟರ್, ಅಷ್ಟೇ. ಸಮುದ್ರ ಅಲ್ಲ, ಮಳೆಗಾಲದ ಹೊಳೆ ಅನ್ನಿಸಿತು. ನೀರು ಸುಳಿ ಸುತ್ತಿ ಮೊರೆಯುತ್ತದೆ. ಹೊತ್ತು ತಿರುಗಿದರೆ ಹರಿವೂ ತಿರುಗುತ್ತದೆ. ಅಲ್ಲಿ 130 ಹಡಗು ಒಟ್ಟಿಗೆ ನುಗ್ಗೋಕೆ ಜಾಗವೇ ಇಲ್ಲ.

ಆದರೆ ನೀರೊಂದೇ ಗೆಲ್ಲಿಸಲಿಲ್ಲ. ಯಿ ಸುನ್-ಸಿನ್ ಬರೆದ ದಿನಚರಿ ಓದಿದರೆ ಗೊತ್ತಾಗುತ್ತದೆ, ಮೊದಲಿಗೆ ಅವರದ್ದೇ ಕಡೆಯ ಹಡಗುಗಳು ಹಿಂದೆ ಸರಿದಿದ್ದವು! ಇವರ ಹಡಗು ಒಂಟಿಯಾಗಿ ಮುಂದೆ. ಆನ್ ವಿ ಅನ್ನೋ ಕ್ಯಾಪ್ಟನ್ ಹತ್ತಿರ ಬಂದಾಗ, ಓಡಿಹೋಗಿ ಎಲ್ಲಿ ಬದುಕುತ್ತೀಯಾ ಅಂತ ಗದರಿಸುತ್ತಾರೆ. ಆಮೇಲೆ ಉಳಿದವರು ಬಂದದ್ದು. ಆ ದಿನ 31 ಶತ್ರು ಹಡಗು ಹಾಳಾದವು ಅಂತ ಅವರೇ ಬರೆದಿದ್ದಾರೆ.

ಹರಿಗೋಲು:
ಜಲಸಂಧಿಗೆ ಅಡ್ಡ ಕಬ್ಬಿಣದ ಸರಪಳಿ ಕಟ್ಟಿದ್ದರಂತಲ್ಲ?

ಉಪ್ಪುನೀರು:
ಆ ಮಾತು ದಿನಚರಿಯಲ್ಲಿಲ್ಲ. ಜನರ ಬಾಯಲ್ಲಿ ಬೆಳೆದ ಕತೆ. ಅಲ್ಲೂ ಎಲ್ಲರೂ ಅದನ್ನೇ ಹೇಳುತ್ತಾರೆ.

ಚಿಲ್ಲರೆಕಾಸು:
ಹಾಗಾದರೆ ಗೆದ್ದ ಮೇಲೆ ರಾಜ ಸನ್ಮಾನ ಮಾಡಿರಬೇಕು, ಅಲ್ವಾ?

ಉಪ್ಪುನೀರು:
ಅದೇ ವರ್ಷದ ಮೊದಲಲ್ಲಿ ರಾಜನೇ ಜೈಲಿಗೆ ಹಾಕಿಸಿ, ಪದವಿ ಕಿತ್ತಿದ್ದ. ಬಿಡುಗಡೆಯಾದ ಮಗನನ್ನು ನೋಡಲು ಹಡಗಿನಲ್ಲಿ ಹೊರಟ ತಾಯಿ ದಾರಿಯಲ್ಲೇ ತೀರಿಕೊಂಡರು. ಇವರ ಜಾಗಕ್ಕೆ ಬಂದವನು ಹೆಚ್ಚುಕಡಿಮೆ ಇಡೀ ನೌಕಾಪಡೆ ಕಳೆದ ಮೇಲೆ ಇವರನ್ನೇ ಮತ್ತೆ ಕರೆದರು.

ಕಾಳಗ ಗೆದ್ದು ತಿಂಗಳೂ ಆಗಿರಲಿಲ್ಲ, ಊರಿಂದ ಕಾಗದ ಬಂತು. ಲಕೋಟೆಯ ಮೇಲೆ ಇನ್ನೊಬ್ಬ ಮಗನ ಕೈಬರಹ, ಗೋಳಾಟ ಅನ್ನೋ ಅರ್ಥದ ಎರಡೇ ಅಕ್ಷರ. ಒಳಗೇನಿದೆ ಅಂತ ಆಗಲೇ ತಿಳಿಯಿತು. ಕಿರಿಯ ಮಗ ಮ್ಯೋನ್‌ನನ್ನು ಜಪಾನಿ ಸೈನಿಕರು ಕೊಂದಿದ್ದರು. ಸೈನಿಕರ ಎದುರು ಅಳೋಕಾಗಲಿಲ್ಲ. ಕೆಲವು ದಿನ ತಡೆದುಕೊಂಡು, ಉಪ್ಪು ಮಾಡುವವನೊಬ್ಬನ ಮನೆಗೆ ಹೋದರು, ಮನಸಾರೆ ಅಳಲು.

ಮುಂದಿನ ವರ್ಷ, 1598ರಲ್ಲಿ, ನೊರ್ಯಾಂಗ್‌ನಲ್ಲಿ ನಡೆದ ಕಾಳಗದಲ್ಲಿ ಗುಂಡು ತಗಲಿ ತೀರಿಕೊಂಡರು.

ಚಿಲ್ಲರೆಕಾಸು:
ಮಗನಿಗೆ ಉಪ್ಪಿನವನ ಮನೆವರೆಗೂ ಹೇಳಿದೆ. ನಾಣ್ಯ ಈಗ ಅವನ ಜಾಮಿಟ್ರಿ ಬಾಕ್ಸ್‌ನಲ್ಲಿದೆ.