ಕಾರಿನ ಹೊಸ ಬುಷ್ ಎಂಟೇ ತಿಂಗಳಲ್ಲಿ ಹರಿಯಿತು, ಈ ಸಲ ಮನೆಯಲ್ಲೇ ಹಾಕಬಹುದೇ?

ಪ್ರಶ್ನೆ (ದಾವಣಗೆರೆಯ ಸದಸ್ಯರು): ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರ. ನನ್ನದು 2007ರ ಆಲ್ಟೊ. ಮನೆ ವಿದ್ಯಾನಗರದಲ್ಲಿ, ಕೆಲಸ ಭರಮಸಾಗರದ ಶಾಲೆಯಲ್ಲಿ. ದಿನವೂ ಹೆದ್ದಾರಿಯ ಓಡಾಟ. ರಸ್ತೆ ಉಬ್ಬು ಇಳಿಯುವಾಗ ಹಿಂದಿನಿಂದ ‘ಟಕ್’ ಎಂದು ಸದ್ದು ಬರುತ್ತದೆ. ಪಕ್ಕದಲ್ಲಿ ಲಾರಿ ಹಾದುಹೋದರೆ ಕಾರಿನ ಹಿಂಭಾಗ ಓಲಾಡುತ್ತದೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಹಿಂಚಕ್ರಗಳ ಕಡೆಯ ಬುಷ್‌ಗಳನ್ನೆಲ್ಲ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳು) ಹೊಸದಾಗಿ ಹಾಕಿಸಿದ್ದೆ. ಎಂಟು ತಿಂಗಳೂ ಬಾಳಲಿಲ್ಲ. ಬೇಸಿಗೆ ರಜೆಯಲ್ಲಿ ನಾನೇ ಹಾಕೋಣ ಎಂದುಕೊಂಡಿದ್ದೇನೆ. ಆಗುತ್ತದೆಯೇ?

ಉತ್ತರ: ಆಗುತ್ತದೆ ಮೇಷ್ಟ್ರೇ. ಆದರೆ ಆ ಎಂಟು ತಿಂಗಳ ಲೆಕ್ಕ ಮೊದಲು ಬಗೆಹರಿಯಲಿ, ಇಲ್ಲವಾದರೆ ನೀವು ಹಾಕಿದ್ದೂ ಅಷ್ಟೇ ದಿನ ಬರುತ್ತದೆ. ಕಾರು ನೆಲದ ಮೇಲೇ ಇರಲಿ. ಟಾರ್ಚ್ ಹಿಡಿದು ಟ್ರೇಲಿಂಗ್ ಆರ್ಮ್‌ನ (ಹಿಂದಿನ ಆಕ್ಸಲನ್ನು ಬಾಡಿಗೆ ಜೋಡಿಸುವ ಕಬ್ಬಿಣದ ತೋಳು) ಮುಂದಿನ ತುದಿಯನ್ನು ನೋಡಿ. ರಬ್ಬರ್ ಯಾವ ರೀತಿ ಹರಿದಿದೆ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣ. ನಡುವಿನ ಕಬ್ಬಿಣದ ಕೊಳವೆಯ ಸುತ್ತ ಅರ್ಧಚಂದ್ರದ ಹಾಗೆ ಸೀಳಿದೆ. ಉಳಿದ ರಬ್ಬರ್ ಇನ್ನೂ ಹೊಸದರಂತೆ ಮೆತ್ತಗೇ ಇದೆ. ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸೀಳು ಬಾಯಿ ತೆರೆಯುತ್ತದೆ.

ಉತ್ತರ: ಹಾಗಾದರೆ ಬುಷ್‌ನ ತಪ್ಪಲ್ಲ. ವಯಸ್ಸಾದ ರಬ್ಬರ್ ಒಣಗಿ, ಮೇಲೆಲ್ಲ ಸಣ್ಣ ಬಿರುಕು ಬಿಟ್ಟಿರುತ್ತದೆ. ಮೆತ್ತಗಿರುವ ರಬ್ಬರ್ ಕೊಳವೆಯ ಸುತ್ತ ಸೀಳಿದೆ ಎಂದರೆ ಅದು ಒಂದೇ ಕಡೆಗೆ ತಿರುಚಿ ತಿರುಚಿ ಹರಿದದ್ದು. ಗಾಡಿಯನ್ನು ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದಾರೆ ಎಂದೇ ನನ್ನ ಅನುಮಾನ.

ಈ ಬುಷ್ ಬೇರಿಂಗ್‌ನಂತೆ ಸುತ್ತುವ ವಸ್ತುವಲ್ಲ. ಹೊರಗಿನ ಬಳೆ ಆರ್ಮ್‌ನಲ್ಲಿ ಕಚ್ಚಿ ಕೂತಿರುತ್ತದೆ, ಒಳಗಿನ ಕೊಳವೆಯನ್ನು ಬೋಲ್ಟ್ ಬಾಡಿಯ ಬ್ರಾಕೆಟ್‌ಗೆ ಬಿಗಿದಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಅದಕ್ಕೆ ನೆಮ್ಮದಿಯ ಜಾಗ. ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ಅರ್ಧ ತಿರುಚಿಕೊಂಡಿರುತ್ತದೆ. ಮನೆ ಮುಂದೆ ನಿಂತಿರುವಾಗಲೂ ಅದಕ್ಕೆ ಬಿಡುವಿಲ್ಲ. ಹೀಗೆ ಹಾಳಾದ ಒಳ್ಳೆಯ ಬುಷ್‌ಗಳನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕೆಲಸ ಶುರು ಮಾಡುವ ಮುನ್ನವೇ, ಸಮನಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಎಲ್ಲ ಜೋಡಿಸಿದ ಮೇಲೆ ಆಕ್ಸಲ್ ಅಡಿಗೆ ಜಾಕ್ ಕೊಟ್ಟು, ಅದೇ ಅಳತೆ ಬರುವವರೆಗೆ ಎತ್ತಿ, ಆಮೇಲೆಯೇ ಕೊನೆಯ ಬಿಗಿ. ಎತ್ತುವಾಗ ಬಾಡಿ ತನ್ನನ್ನು ಹೊತ್ತಿರುವ ಸ್ಟ್ಯಾಂಡ್‌ನಿಂದ ಮೇಲೇಳುವ ಸೂಚನೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಗಾಡಿಯ ಜೊತೆ ಬಂದ ಜಾಕ್ ಪಂಕ್ಚರ್ ಹಾಕುವುದಕ್ಕೆ ಮಾತ್ರ. ಒಂದು ಹೈಡ್ರಾಲಿಕ್ ಜಾಕ್, ಎರಡು ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ದಯವಿಟ್ಟು ಕೆಳಗೆ ತೂರಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪುಡಿಯಾಗುವಾಗ ಮುನ್ಸೂಚನೆ ಕೊಡುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವೇ ಗಾಳಿಯಲ್ಲಿರುತ್ತವೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ.

ನಮ್ಮ ಕಡೆಯ ಎರೆಮಣ್ಣು ಬ್ರಾಕೆಟ್‌ನೊಳಗೆ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ. ಹಿಂದಿನ ದಿನವೇ ಕೆರೆದು, ತೊಳೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೋಲ್ಟ್ ತಿರುಗಿಯೂ ಹೊರಗೆ ಬರದಿದ್ದರೆ ಅದು ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿದೆ. ಬೋಲ್ಟ್‌ನ ಥ್ರೆಡ್ ಮೇಲೆ ನೇರವಾಗಿ ಸುತ್ತಿಗೆ ಬೇಡ. ನಟ್ಟನ್ನು ಬೋಲ್ಟ್ ತುದಿಯ ಮಟ್ಟಕ್ಕೆ ತಿರುಗಿಸಿ, ಮೇಲೆ ಗಟ್ಟಿ ಮರದ ತುಂಡಿಟ್ಟು ಹೊಡೆಯಿರಿ.

ಒಮ್ಮೆಗೆ ಒಂದೇ ಆರ್ಮ್ ಬಿಚ್ಚಿ. ಇನ್ನೊಂದು ಆರ್ಮ್, ಲ್ಯಾಟರಲ್ ರಾಡ್ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಸರಳು), ಶಾಕ್ ಅಬ್ಸಾರ್ಬರ್ ಹಾಗೇ ಇದ್ದರೆ ಆಕ್ಸಲ್ ಹೆಚ್ಚು ಸರಿಯುವುದಿಲ್ಲ. ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ಆಕ್ಸಲ್‌ಗೆ ಜಾಕ್ ಆಸರೆ ಇರಲಿ. ಬುಷ್ ಬದಲಿಸುವುದನ್ನು ಮಾತ್ರ ಲೇತ್ ಅಂಗಡಿಗೆ ಬಿಡಿ. ಅಲ್ಲಿನ ಪ್ರೆಸ್‌ನಲ್ಲಿ (ಒತ್ತಿ ಕೂರಿಸುವ ಯಂತ್ರ) ಸ್ವಲ್ಪ ಹೊತ್ತಿನ ಕೆಲಸ. ಮನೆಯಲ್ಲಿ ಬಡಿದು ಕೂರಿಸಿದರೆ ಬಳೆ ಅಂಕುಡೊಂಕಾಗುತ್ತದೆ. ಹಳೆಯ ಬುಷ್ ಯಾವ ದಿಕ್ಕಿಗೆ ಕೂತಿತ್ತು ಎಂದು ಆರ್ಮ್ ಮೇಲೆ ಗುರುತು ಹಾಕಿ ಕೊಟ್ಟುಬಿಡಿ. ನಟ್‌ಗಳು ಹೊಸವೇ ಇರಲಿ. ಎಷ್ಟು ಬಿಗಿ ಎಂಬುದನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿ ನೋಡಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ.

ಹಿಂಭಾಗ ಅಡ್ಡಡ್ಡ ಓಲಾಡುವುದಕ್ಕೆ ಲ್ಯಾಟರಲ್ ರಾಡ್‌ನ ಬುಷ್ ಕೂಡ ಕಾರಣವಿರಬಹುದು. ಅದನ್ನೂ ಮೀಟಿ ನೋಡಿ.

ಚಿತ್ರದುರ್ಗದ ಸದಸ್ಯರು: ಅಣ್ಣ, ನನ್ನದು ಓಮ್ನಿ. ಹಿಂದೆ ಪಟ್ಟಾ (ಲೀಫ್ ಸ್ಪ್ರಿಂಗ್). ಕಿರ್ ಕಿರ್ ಸದ್ದಿಗೆ ಬುಷ್‌ಗೆ ಗ್ರೀಸ್ ಹಚ್ಚಿದೆ, ಎರಡು ವಾರ ಸುಮ್ಮನಿದ್ದು ಈಗ ಜಾಸ್ತಿಯಾಗಿದೆ.

ಉತ್ತರ: ಗ್ರೀಸ್ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ ಸರ್. ಡೀಸೆಲ್, ಎಂಜಿನ್ ಆಯಿಲ್ ಕೂಡ ಬೇಡ. ಹೊಸದು ಹಾಕಿಬಿಡಿ. ಪಟ್ಟಾ ತುದಿಯ ಕಣ್ಣಿನ (ಉಂಗುರದ) ಬುಷ್ ಎರಡು ತುಂಡಾಗಿ ಬರುತ್ತದೆ, ಪ್ರೆಸ್ ಬೇಕಿಲ್ಲ. ಸಾಬೂನು ನೀರು ಸವರಿ ಎರಡೂ ಬದಿಯಿಂದ ಕೈಯಲ್ಲೇ ಒತ್ತಬಹುದು. ಕೊನೆಯ ಬಿಗಿ ಇಲ್ಲಿಯೂ ಚಕ್ರ ನೆಲಕ್ಕೆ ಕೂತ ಮೇಲೆಯೇ.

ಪ್ರಶ್ನೆ ಕೇಳಿದವರು: ಮುಗಿಸಿದ ಮರುದಿನವೇ ಭರಮಸಾಗರಕ್ಕೆ ಓಡಿಸಬಹುದೇ ಅಣ್ಣ?

ಉತ್ತರ: ಮೊದಲು ಬಡಾವಣೆಯೊಳಗೆ ಒಂದು ಸುತ್ತು ನಿಧಾನವಾಗಿ ಹೋಗಿ, ಬ್ರೇಕ್ ಹಿಡಿದು ನೋಡಿ, ನಟ್‌ಗಳನ್ನು ಪರೀಕ್ಷಿಸಿ, ಆಮೇಲೆ ಹೆದ್ದಾರಿಗೆ ಹೋಗಿ. ಒಂದು ವಾರ ಓಡಿದ ನಂತರ ಇನ್ನೊಮ್ಮೆ ರೆಂಚ್ ಹಿಡಿದು ನೋಡಿ, ಆಗಲೂ ಚಕ್ರ ನೆಲದ ಮೇಲಿರಲಿ. ಬಿಚ್ಚಿದ ಹಳೆಯ ಬುಷ್ ಎಸೆಯಬೇಡಿ ಮೇಷ್ಟ್ರೇ, ಈ ಕಡೆ ಬಂದಾಗ ತನ್ನಿ, ನಮ್ಮ ಹುಡುಗರಿಗೆ ತೋರಿಸಬೇಕು.